ದೊಡ್ಡ ಕೆಟಲ್ ಗ್ರಿಲ್ಲಿನಲ್ಲಿ ಹೊಗೆಯ ಅಡುಗೆ, ಮತ್ತು ಸ್ಮೋಕರ್ ನಿಜವಾಗಿ ಬೇಕಾಗುವುದು ಯಾವಾಗ

ಅಮೆರಿಕದಲ್ಲಿ ನೆಲೆಸಿರುವ ಮಾಂಸಾಹಾರಿ ಕನ್ನಡಿಗರಲ್ಲಿ ಅನೇಕರ ಹಿತ್ತಲಲ್ಲಿ ಕೆಟಲ್ ಗ್ರಿಲ್, ಅಂದರೆ ಗುಮ್ಮಟದಂತಹ ಮುಚ್ಚಳವಿರುವ ದುಂಡನೆಯ ಇದ್ದಿಲಿನ ಒಲೆ ಒಂದು ಇರುತ್ತದೆ. ಎರಡು ಬೇಸಿಗೆ ಅದರ ಮೇಲೆ ಕೋಳಿ ಕಾಲು, ಮೆಕ್ಕೆಜೋಳ, ಮೀನು ಸುಟ್ಟು ಕೈ ಪಳಗಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿ ನಿಧಾನವಾಗಿ ಬೆಂದು, ಎರಡು ಬೆರಳಿನಲ್ಲಿ ಎಳೆದರೆ ಎಳೆಎಳೆಯಾಗಿ ಬಿಡುವ ಹಂದಿ ಮಾಂಸವನ್ನು ಇದರಲ್ಲಿಯೇ ಮಾಡಬಹುದೇ, ಇಲ್ಲವೇ ಅದಕ್ಕೆಂದೇ ತಯಾರಾಗುವ ಸ್ಮೋಕರ್ ಕೊಳ್ಳಬೇಕೇ? ಇಲಿನಾಯ್ ರಾಜ್ಯದ ಚಳಿಗಾಳಿಯಲ್ಲಿ ಎರಡನ್ನೂ ಹಲವು ವರ್ಷ ಬಳಸಿದವನಾಗಿ ನಾನು ಹೇಳುವುದಿಷ್ಟು: ಸುಮಾರು 66 ಸೆಂಟಿಮೀಟರ್, ಅಂದರೆ 26 ಅಂಗುಲ ಅಗಲದ ದೊಡ್ಡ ಕೆಟಲ್ ನಿಮ್ಮಲ್ಲಿದ್ದರೆ ರುಚಿಯ ಕಾರಣಕ್ಕೆ ಸ್ಮೋಕರ್ ಕೊಳ್ಳಬೇಕಾಗಿಲ್ಲ. ನಿದ್ದೆಯ ಕಾರಣಕ್ಕೆ ಕೊಳ್ಳಬಹುದು. ಹೀಗೆನ್ನುವುದು ಏಕೆಂದು ತಿಳಿಯಬೇಕಾದರೆ ಎರಡೂ ಒಲೆಗಳಲ್ಲಿ ಬೆಂಕಿಯನ್ನು ಹೇಗೆ ಇಡುತ್ತೇವೆ ಎಂಬುದನ್ನು ಮೊದಲು ನೋಡಬೇಕು.

ಒಲೆಯ ಒಳಗಿನ ಲೆಕ್ಕ

ಹೊಗೆಯ ಅಡುಗೆಗೆ ಬೇಕಾದ ಶಾಖ 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 107ರಿಂದ 121 ಡಿಗ್ರಿ ಸೆಲ್ಸಿಯಸ್. ಇದು ಸುಡುವ ಶಾಖವಲ್ಲ, ನೀರು ಕುದಿಯುವ ಬಿಂದುವಿಗಿಂತ ಸ್ವಲ್ಪವೇ ಮೇಲಿನದು. ಮುಚ್ಚಳವಿರುವ ಇದ್ದಿಲಿನ ಒಲೆಯಲ್ಲಿ ಶಾಖವನ್ನು ನಿರ್ಧರಿಸುವುದು ನೀವು ಎಷ್ಟು ಇದ್ದಿಲು ಸುರಿದಿದ್ದೀರಿ ಎಂಬುದಲ್ಲ, ಅದರಲ್ಲಿ ಎಷ್ಟಕ್ಕೆ ಬೆಂಕಿ ಹತ್ತಿದೆ ಮತ್ತು ಹತ್ತಿದ್ದಕ್ಕೆ ಎಷ್ಟು ಗಾಳಿ ಸಿಗುತ್ತಿದೆ ಎಂಬುದು. ಕೆಳಗಿನ ಕಿಂಡಿಯಿಂದ ಗಾಳಿ ಒಳಬರುತ್ತದೆ, ಮೇಲಿನ ಕಿಂಡಿಯಿಂದ ಬಿಸಿ ಹೊಗೆ ಹೊರಹೋಗುತ್ತದೆ, ಹೊರಹೋಗುವ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಯಾವ ಹೆಸರಿನ, ಯಾವ ಬೆಲೆಯ ಸ್ಮೋಕರ್ ಆದರೂ ಇದ್ದಿಲಿನಿಂದ ನಡೆಯುವುದಾದರೆ ಅದರ ಕೆಲಸ ಇಷ್ಟೇ: ಸಣ್ಣ ಬೆಂಕಿಯನ್ನು ಬಹಳ ಹೊತ್ತು ಸಣ್ಣದಾಗಿಯೇ ಇಡುವುದು.

ಕೆಟಲ್ ಹುಟ್ಟಿದ್ದು ಈ ಕೆಲಸಕ್ಕಾಗಿ ಅಲ್ಲ. 1952ರಲ್ಲಿ ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ದೋಣಿಗಳಿಗೆ ದಾರಿ ತೋರಲೆಂದು ನೀರಿನ ಮೇಲೆ ತೇಲಬಿಡುವ ಲೋಹದ ಗೋಳವೊಂದನ್ನು ಅಡ್ಡಕ್ಕೆ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಕಾಲು, ಮೇಲಿನ ಅರ್ಧಕ್ಕೆ ಹಿಡಿ ಹಾಕಿಸಿದರು. ಅವರಿಗೆ ಬೇಕಾಗಿದ್ದುದು ಗಾಳಿ ಮಳೆಗೆ ಹೆದರದೆ, ಮಾಂಸ ಕರಕಲಾಗದಂತೆ ಬೇಯಿಸುವ ಒಲೆ. ಅದೇ ಕಂಪನಿ 1981ರಲ್ಲಿ ಸ್ಮೋಕಿ ಮೌಂಟನ್ ಎಂಬ ಎತ್ತರದ, ಬಂದೂಕಿನ ಗುಂಡಿನಾಕಾರದ ಸ್ಮೋಕರನ್ನು ಮಾರುಕಟ್ಟೆಗೆ ತಂದಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಸ್ಮೋಕರ್ ಕಿರಿದು, ಎತ್ತರ. ಬೆಂಕಿ ತಳದಲ್ಲಿ, ನಡುವೆ ನೀರಿನ ಬೋಗುಣಿ, ಅದರ ಮೇಲೆ ಒಂದರ ಮೇಲೊಂದರಂತೆ ಎರಡು ಜಾಲರಿ. ಕೆಟಲ್ ಅಗಲ, ತಗ್ಗು. ಇದ್ದಿಲಿಗೂ ಮಾಂಸಕ್ಕೂ ನಡುವೆ ಒಂದು ಗೇಣೂ ಇಲ್ಲ. ಆದ್ದರಿಂದ ಸ್ಮೋಕರಿನಲ್ಲಿ ಎತ್ತರದಿಂದ ಸಿಗುವ ದೂರವನ್ನು ಕೆಟಲಿನಲ್ಲಿ ಅಗಲದಿಂದ ಪಡೆಯಬೇಕು: ಬೆಂಕಿ ಒಂದು ಅಂಚಿನಲ್ಲಿರಬೇಕು, ಮಾಂಸ ಅದರಿಂದ ಪಕ್ಕಕ್ಕೆ ಸರಿದಿರಬೇಕು.

ದೊಡ್ಡ ಕೆಟಲ್ ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ಎಲ್ಲೆಡೆ ಕಾಣುವ 22 ಅಂಗುಲದ ಕೆಟಲಿಗಿಂತ 26 ಅಂಗುಲದ್ದರ ವಿಸ್ತೀರ್ಣ ಸುಮಾರು ಶೇಕಡ 40ರಷ್ಟು ಹೆಚ್ಚು. ನಾಲ್ಕು ಅಂಗುಲದ ವ್ಯತ್ಯಾಸ ಕೇಳಲು ಅಲ್ಪವಾದರೂ, ಚಿಕ್ಕದರಲ್ಲಿ ಮಾಂಸದ ಒಂದು ಮಗ್ಗುಲು ಬೆಂಕಿಯ ನೆತ್ತಿಗೆ ಬಂದು ಒಣಗಿಹೋಗುವ ಕಡೆ ದೊಡ್ಡದರಲ್ಲಿ ಒಂದು ಅಂಗೈ ಅಗಲದ ಜಾಗ ಉಳಿಯುತ್ತದೆ. ಜೊತೆಗೆ ಅಂಚಿನ ಸುತ್ತಳತೆ ಹೆಚ್ಚಿರುವುದರಿಂದ ಇದ್ದಿಲಿನ ಸಾಲೂ ಉದ್ದವಾಗುತ್ತದೆ. ಉದ್ದವಾದಷ್ಟೂ ಅದು ಹೆಚ್ಚು ಗಂಟೆ ಬರುತ್ತದೆ.

ಮೊದಲು ಕೂಡಿಸಿಕೊಳ್ಳಬೇಕಾದವು

ಪ್ರೋಬ್ ಎಂಬ ಚುಚ್ಚುಕಡ್ಡಿಗಳು ಎರಡಿರುವ ಡಿಜಿಟಲ್ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮುಚ್ಚಳದಲ್ಲಿ ಕೂಡಿಸಿರುವ ಮುಳ್ಳಿನ ಥರ್ಮಾಮೀಟರ್ ಗುಮ್ಮಟದ ನೆತ್ತಿಯ ಶಾಖವನ್ನು ಹೇಳುತ್ತದೆಯೇ ಹೊರತು ಮಾಂಸ ಕುಳಿತಿರುವ ಜಾಲರಿಯ ಶಾಖವನ್ನಲ್ಲ. ನನ್ನ ಕೆಟಲಿನಲ್ಲಿ ಇವೆರಡರ ನಡುವೆ 20 ಡಿಗ್ರಿ ಸೆಲ್ಸಿಯಸ್‌ವರೆಗೂ ಅಂತರ ಕಂಡಿದ್ದೇನೆ. ಒಂದು ಪ್ರೋಬನ್ನು ಜಾಲರಿಗೆ ಕಚ್ಚಿಸಿ, ಮಾಂಸದಿಂದ ಮೂರು ನಾಲ್ಕು ಬೆರಳು ದೂರದಲ್ಲಿಡಿ. ಇನ್ನೊಂದನ್ನು ಮಾಂಸದ ಅತಿ ದಪ್ಪದ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ.

ಇದ್ದಿಲಿನ ವಿಷಯದಲ್ಲಿ ಬ್ರಿಕೆಟ್‌ಗಳೇ, ಅಂದರೆ ಇದ್ದಿಲ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಒಂದೇ ಅಳತೆಯ ಬಿಲ್ಲೆಗಳೇ ಲೇಸು. ಕಟ್ಟಿಗೆಯಿಂದ ನೇರವಾಗಿ ಸುಟ್ಟ ಉಂಡೆ ಇದ್ದಿಲು ಉತ್ತಮವೆಂಬ ಅಭಿಮಾನ ಕೆಲವರಿಗಿದೆ. ಮಾಂಸವನ್ನು ಜೋರು ಶಾಖದಲ್ಲಿ ಸುಡುವಾಗ ಅದು ಒಪ್ಪುವ ಮಾತಾದರೂ, ಸಾಲು ಕಟ್ಟಿ ಗಂಟೆಗಟ್ಟಲೆ ಉರಿಸುವಾಗ ಒಂದು ತುಂಡು ಹಲಸಿನ ಬೀಜದಷ್ಟು, ಇನ್ನೊಂದು ತೆಂಗಿನಕಾಯಿಯಷ್ಟು ಇದ್ದರೆ ಬೆಂಕಿ ಒಮ್ಮೆ ನಿಂತು ಒಮ್ಮೆ ನುಗ್ಗುತ್ತದೆ. ಇದ್ದಿಲು ಹೊತ್ತಿಸಲು ಚಿಮಣಿ, ಅಂದರೆ ಇದ್ದಿಲು ತುಂಬಿ ತಳದಲ್ಲಿ ಕಾಗದ ತುರುಕಿ ಉರಿಸುವ ತಗಡಿನ ಕೊಳವೆ ಬಳಸಿ. ಸೀಮೆಎಣ್ಣೆಯಂತಹ ಲೈಟರ್ ದ್ರವ ಇಲ್ಲಿ ಸಲ್ಲದು, ಏಕೆಂದರೆ ಸಾಲಿನ ಮುಂದಿನ ಇದ್ದಿಲು ಮಾಂಸ ಒಳಗಿರುವಾಗಲೇ ಹೊತ್ತಿಕೊಳ್ಳುವುದರಿಂದ ಅದರ ವಾಸನೆ ನೇರವಾಗಿ ಊಟಕ್ಕೆ ಇಳಿಯುತ್ತದೆ.

ಹೊಗೆಗಾಗಿ ಒಣಗಿದ ಗಟ್ಟಿ ಮರದ ತುಂಡು ಬೇಕು, ಮುಷ್ಟಿ ಗಾತ್ರದ್ದು, ನಾಲ್ಕೈದು ಸಾಕು. ಅಮೆರಿಕದಲ್ಲಿ ಹಿಕರಿ, ಓಕ್, ಸೇಬು, ಚೆರ್ರಿ ಸುಲಭವಾಗಿ ಸಿಗುತ್ತವೆ. ಹಂದಿ ಮಾಂಸಕ್ಕೆ ನಾನು ಸೇಬು ಮತ್ತು ಹಿಕರಿಯನ್ನು ಬೆರೆಸುತ್ತೇನೆ. ಮೆಸ್ಕೀಟ್ ಬಹಳ ಖಾರವಾದ ಹೊಗೆ ಕೊಡುವುದರಿಂದ ದೀರ್ಘ ಅಡುಗೆಗೆ ಬೇಡ. ಊರಿನಲ್ಲಿ ಪ್ರಯತ್ನಿಸುವವರಿಗೆ ಕಾಫಿ ಗಿಡದ ಕಟ್ಟಿಗೆ, ಸೀಬೆ ಮರದ ಕೊಂಬೆ ಚೆನ್ನಾಗಿ ಹೊಂದುತ್ತವೆ. ನೀಲಗಿರಿ, ರಾಳವಿರುವ ಪೈನ್, ಬಣ್ಣ ಬಳಿದ ಅಥವಾ ಔಷಧ ಹಾಕಿದ ಮರದ ಚೂರುಗಳನ್ನು ಎಲ್ಲಿಯೂ ಬಳಸಕೂಡದು. ಮರವನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಬೇಕೆಂಬ ಮಾತನ್ನು ನಂಬಬೇಡಿ. ಗಟ್ಟಿ ಮರದೊಳಗೆ ನೀರು ಇಳಿಯುವುದು ಅತ್ಯಲ್ಪ, ಇಳಿದಷ್ಟೂ ಮೊದಲು ಆವಿಯಾಗಿ ಹೋಗಬೇಕು, ಅಲ್ಲಿಯವರೆಗೆ ಸಿಗುವುದು ಆವಿಯೇ ಹೊರತು ಹೊಗೆಯಲ್ಲ.

ಒಲೆ ಇಡುವ ಜಾಗದ ಬಗ್ಗೆ ಒಂದು ಮಾತು. ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಆದ್ದರಿಂದ ಗರಾಜಿನ ಬಾಗಿಲು ತೆರೆದಿದ್ದರೂ ಒಳಗೆ ಇಡುವಂತಿಲ್ಲ. ಅಮೆರಿಕದ ಬಹುತೇಕ ಊರುಗಳ ಅಗ್ನಿ ನಿಯಮದಂತೆ ಅಪಾರ್ಟ್‌ಮೆಂಟಿನ ಮರದ ಬಾಲ್ಕನಿಯಲ್ಲಿ, ಅಥವಾ ಅಂತಹ ಕಟ್ಟಡದ ಉರಿಯಬಲ್ಲ ಗೋಡೆಯಿಂದ 10 ಅಡಿಯೊಳಗೆ ಇದ್ದಿಲಿನ ಒಲೆ ಹಚ್ಚುವಂತಿಲ್ಲ. ಸ್ವಂತ ಮನೆಯವರೂ ಈ ದೂರವನ್ನು ಪಾಲಿಸುವುದು ಕ್ಷೇಮ.

ಕೆಟಲಿನಲ್ಲಿ ಇದ್ದಿಲಿನ ಹಾವು

ಕೆಟಲಿನಲ್ಲಿ ದೀರ್ಘ ಅಡುಗೆಗೆ ಅಮೆರಿಕದವರು ಸ್ನೇಕ್ ಎಂದು ಕರೆಯುವ ವಿಧಾನಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ಸೊಳ್ಳೆ ಬತ್ತಿ ಉರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಂದು ತುದಿಗೆ ಬೆಂಕಿ ಮುಟ್ಟಿಸಿದರೆ ಅದು ತನ್ನ ದಾರಿಯಲ್ಲಿ ತಾನೇ ತೆವಳಿಕೊಂಡು ಹೋಗುತ್ತದೆ, ಯಾವ ಗಳಿಗೆಯಲ್ಲಿ ನೋಡಿದರೂ ಉರಿಯುತ್ತಿರುವ ಭಾಗ ಅಷ್ಟೇ ಇರುತ್ತದೆ.

ತಳದ ಬೂದಿಯನ್ನು ಪೂರ್ತಿ ತೆಗೆದು, ಇದ್ದಿಲಿನ ಜಾಲರಿಯ ಅಂಚಿನಲ್ಲಿ, ಒಲೆಯ ಗೋಡೆಗೆ ಒರಗಿಸಿ ಬ್ರಿಕೆಟ್‌ಗಳನ್ನು ಎರಡು ಸಾಲಾಗಿ ಜೋಡಿಸಿ. ಮಂಗಳೂರು ಹೆಂಚು ಹೊದಿಸುವಾಗ ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ, ಪ್ರತಿ ಬ್ರಿಕೆಟ್ ಮುಂದಿನದರ ಮೇಲೆ ಸ್ವಲ್ಪ ಮಲಗಿರಬೇಕು. ನಡುವೆ ಸಂದು ಬಿಟ್ಟರೆ ಬೆಂಕಿ ಅಲ್ಲಿಯೇ ಸತ್ತುಹೋಗುತ್ತದೆ. ಈ ಎರಡು ಸಾಲಿನ ಮೇಲೆ ಇನ್ನೆರಡು ಸಾಲು. ವೃತ್ತದ ಮುಕ್ಕಾಲು ಭಾಗ ತುಂಬಿದಾಗ ನಿಲ್ಲಿಸಿ. ಉಳಿದ ಕಾಲು ಭಾಗ ಖಾಲಿ ಇರಲೇಬೇಕು, ಇಲ್ಲವಾದರೆ ತಲೆಯ ಬೆಂಕಿ ಬಾಲಕ್ಕೂ ಹಾರಿ ಸಾಲು ಎರಡು ಕಡೆಯಿಂದ ಉರಿಯತೊಡಗುತ್ತದೆ. ನನ್ನ ಒಲೆಯಲ್ಲಿ ಈ ಹಾವು ಗಂಟೆಗೆ ಸುಮಾರು ಅರ್ಧ ಗೇಣು ಸಾಗುತ್ತದೆ. 26 ಅಂಗುಲದ ಕೆಟಲಿನ ಮುಕ್ಕಾಲು ಸುತ್ತು ಹತ್ತು ಹನ್ನೊಂದು ಗಂಟೆಗೆ ಸಾಕಾಗುತ್ತದೆ. ಗಾಳಿ ಬೀಸುವ ದಿನ ಅದರಲ್ಲಿ ಒಂದೆರಡು ಗಂಟೆ ಕಳೆಯಬೇಕು.

ಮರದ ತುಂಡುಗಳನ್ನು ಸಾಲಿನ ಮೊದಲರ್ಧದ ಮೇಲೆ ಮಾತ್ರ, ಒಂದಕ್ಕೊಂದು ಅಂಗೈ ಅಗಲ ಬಿಟ್ಟು ಇಡಿ. ಮಾಂಸದ ಮೇಲ್ಮೈ ತಣ್ಣಗಿದ್ದು ತೇವವಾಗಿರುವಾಗ ಹೊಗೆ ಅದಕ್ಕೆ ಚೆನ್ನಾಗಿ ಅಂಟುತ್ತದೆ. ಐದು ಗಂಟೆ ಕಳೆದು ಮೇಲ್ಪದರ ಒಣಗಿದ ನಂತರ ಸುಟ್ಟ ಕಟ್ಟಿಗೆ ಬಹುಮಟ್ಟಿಗೆ ವ್ಯರ್ಥ. ವೃತ್ತದ ನಡುವೆ, ಮಾಂಸ ಬರುವ ಜಾಗದ ನೇರ ಕೆಳಗೆ, ಅಗಲವಾದ ಅಲ್ಯೂಮಿನಿಯಂ ತಟ್ಟೆಯಿಟ್ಟು ಎರಡು ಲೀಟರಿನಷ್ಟು ಬಿಸಿನೀರು ಸುರಿಯಿರಿ. ತಣ್ಣೀರು ಸುರಿದರೆ ಅದನ್ನು ಕಾಯಿಸುವುದಕ್ಕೇ ಇದ್ದಿಲು ಖರ್ಚಾಗುತ್ತದೆ. ಈ ನೀರು ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯುತ್ತದೆ, ಶಾಖ ದಿಢೀರನೆ ಏರದಂತೆ ತಡೆಯುತ್ತದೆ.

ಹತ್ತು ಹನ್ನೆರಡು ಬ್ರಿಕೆಟ್‌ಗಳನ್ನು ಚಿಮಣಿಯಲ್ಲಿ ಬಿಳಿ ಬೂದಿ ಮುಸುಕುವವರೆಗೆ ಕೆಂಡ ಮಾಡಿ, ಇಕ್ಕಳದಿಂದ ಹಾವಿನ ತಲೆಗೆ ತಾಗಿಸಿ ಪೇರಿಸಿ. ಮೇಲಿನ ಜಾಲರಿ, ಮುಚ್ಚಳ ಹಾಕಿ. ಮುಚ್ಚಳದ ಕಿಂಡಿ ಬೆಂಕಿಯ ಎದುರು ಬದಿಗೆ, ಮಾಂಸದ ಮೇಲೆ ಬರುವಂತೆ ತಿರುಗಿಸಿದರೆ ಹೊಗೆ ಮಾಂಸವನ್ನು ಸವರಿಕೊಂಡೇ ಹೊರಹೋಗುತ್ತದೆ. ಮೇಲಿನ ಕಿಂಡಿ ಕೊನೆಯವರೆಗೂ ಪೂರ್ತಿ ತೆರೆದಿರಲಿ, ಶಾಖವನ್ನು ಕೆಳಗಿನ ಕಿಂಡಿಯಿಂದ ಮಾತ್ರ ಹಿಡಿಯಿರಿ. ಮೊದಲು ಅರ್ಧ ತೆರೆದು, ಜಾಲರಿಯ ಶಾಖ 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಲೇ ಕಾಲು ಭಾಗಕ್ಕೆ ಇಳಿಸಿ. 120ಕ್ಕೆ ಬಂದ ಮೇಲೆ ಇಳಿಸೋಣವೆಂದು ಕಾದರೆ ಅದು 150ಕ್ಕೆ ಹೋಗಿ ನಿಲ್ಲುತ್ತದೆ. ಏರಿದ ಶಾಖವನ್ನು ಇಳಿಸುವುದು ಇಳಿದದ್ದನ್ನು ಏರಿಸುವುದಕ್ಕಿಂತ ಬಹಳ ಕಷ್ಟ. ಕೆಳಗಿನ ಕಿಂಡಿಯನ್ನು ತಿರುಗಿಸುವ ಹಿಡಿಯ ಪಕ್ಕದಲ್ಲಿ ಮುಚ್ಚಿದ, ಕಾಲು, ಅರ್ಧ ಎಂದು ಅಳಿಸದ ಮಾರ್ಕರಿನಲ್ಲಿ ಮೂರು ಗೆರೆ ಎಳೆದಿಟ್ಟುಕೊಳ್ಳಿ. ಕತ್ತಲಲ್ಲಿ ಬಗ್ಗಿ ಒಳಗೆ ಇಣುಕುವ ಪಾಡು ತಪ್ಪುತ್ತದೆ.

ಮೊದಲ ಇಪ್ಪತ್ತು ಮೂವತ್ತು ನಿಮಿಷ ದಟ್ಟ ಬಿಳಿ ಹೊಗೆ ಬರುತ್ತದೆ. ಅದು ಅರೆಬೆಂದ ಕಟ್ಟಿಗೆಯ ಹೊಗೆ, ಕಹಿ. ಅದು ತೆಳುವಾಗಿ, ಬಿಸಿಲಿಗೆ ಹಿಡಿದು ನೋಡಿದರೆ ನಸುನೀಲಿಯಾಗಿ ಕಾಣುವವರೆಗೆ ಮಾಂಸವನ್ನು ಒಳಗಿಡಬೇಡಿ. ನಾನು ಮೊದಲ ಸಲ ಮಾಡಿದ ತಪ್ಪು ಇಲ್ಲಿಯೇ. ಇಷ್ಟೊಂದು ಹೊಗೆ ಸುಮ್ಮನೆ ಆಕಾಶಕ್ಕೆ ಹೋಗುತ್ತಿದೆಯಲ್ಲ ಎಂಬ ಜಿಪುಣತನದಿಂದ ಮೇಲಿನ ಕಿಂಡಿಯನ್ನು ಮುಕ್ಕಾಲು ಮುಚ್ಚಿದೆ. ಒಂಬತ್ತು ಗಂಟೆಯ ನಂತರ ಹೊರತೆಗೆದ ಮಾಂಸ ಟಾರು ಬಳಿದಂತೆ ಕಪ್ಪಗೆ ಹೊಳೆಯುತ್ತಿತ್ತು, ಒಂದು ತುಣುಕು ಬಾಯಿಗಿಟ್ಟರೆ ನಾಲಿಗೆ ಜೋಮು ಹಿಡಿಯುವಷ್ಟು ಕಹಿ. ಊಟಕ್ಕೆ ಕರೆದಿದ್ದ ಎರಡು ಸಂಸಾರಗಳಿಗೆ ಅಂದು ಉಪ್ಪಿಟ್ಟು ಮಾಡಿ ಬಡಿಸಿದೆವು.

ಒಂದು ಭುಜದ ತುಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ

ಕಲಿಯುವುದಕ್ಕೆ ಹಂದಿಯ ಭುಜದ ಮಾಂಸವೇ ಸರಿ. ಅಂಗಡಿಯಲ್ಲಿ ಇದನ್ನು ಪೋರ್ಕ್ ಬಟ್ ಎಂದು ಕೇಳಬೇಕು. ಹೆಸರು ಹಿಂಭಾಗದ್ದಾದರೂ ತುಂಡು ಮುಂಗಾಲಿನ ಮೇಲಿನ ಭುಜದ್ದು. ಕೊಬ್ಬು ಮಾಂಸದೊಳಗೆ ಹೆಣೆದುಕೊಂಡಿರುವುದರಿಂದ ಶಾಖ ಹತ್ತಿಪ್ಪತ್ತು ಡಿಗ್ರಿ ಏರುಪೇರಾದರೂ ಇದು ಕ್ಷಮಿಸುತ್ತದೆ. ದನದ ಎದೆಭಾಗದ ಬ್ರಿಸ್ಕೆಟ್ ಹಾಗೆ ಕ್ಷಮಿಸುವುದಿಲ್ಲ, ಅದನ್ನು ಆರನೆಯ ಪ್ರಯತ್ನಕ್ಕೆ ಇಟ್ಟುಕೊಳ್ಳಿ. ಮೂಳೆಸಹಿತ ನಾಲ್ಕು ಕಿಲೋ ತುಂಡಿಗೆ ಹಿಂದಿನ ರಾತ್ರಿಯೇ ಸುಮಾರು 45 ಗ್ರಾಂ ಉಪ್ಪು ಸವರಿ ಫ್ರಿಜ್ಜಿನಲ್ಲಿ ತೆರೆದಿಡಿ. ಬೆಳಿಗ್ಗೆ ಕುಟ್ಟಿದ ಕಾಳುಮೆಣಸು, ಬೆಲ್ಲದ ಪುಡಿ, ಬ್ಯಾಡಗಿ ಮೆಣಸಿನ ಪುಡಿ ಹಚ್ಚಿದರೆ ಸಾಕು. ಅಮೆರಿಕದವರು ಪ್ಯಾಪ್ರಿಕಾ ಹಾಕುವುದು ಬಣ್ಣಕ್ಕಾಗಿ. ಖಾರ ಕಡಿಮೆ, ಕೆಂಪು ಹೆಚ್ಚು ಇರುವ ಬ್ಯಾಡಗಿ ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತದೆ ಎಂಬುದು ನನ್ನ ಪಕ್ಷಪಾತವಿದ್ದರೂ ಇರಬಹುದು.

ಮಾಂಸವನ್ನು ಫ್ರಿಜ್ಜಿನಿಂದ ನೇರವಾಗಿ ಜಾಲರಿಯ ನಡುವಿಗೆ, ನೀರಿನ ತಟ್ಟೆಯ ಮೇಲಕ್ಕೆ ಇಡಿ. ಮೊದಲ ನಾಲ್ಕು ಗಂಟೆ ಮುಚ್ಚಳ ತೆರೆಯಬೇಡಿ. ತೆರೆದ ಕೂಡಲೇ ಶಾಖ ಕುಸಿಯುತ್ತದೆ, ಆದರೆ ಅಷ್ಟರಲ್ಲಿ ಒಳನುಗ್ಗಿದ ಗಾಳಿಯಿಂದ ಹಾವು ಭುಗಿಲೆದ್ದು, ಮುಚ್ಚಿದ ಹತ್ತು ನಿಮಿಷಕ್ಕೆ ಶಾಖ ಮೊದಲಿಗಿಂತ ಮೇಲೇರುತ್ತದೆ. ಇದನ್ನು ಕಂಡು ಕಿಂಡಿ ಮುಚ್ಚಿದರೆ ಮತ್ತೆ ಕುಸಿಯುತ್ತದೆ. ಹೀಗೆ ಇಡೀ ದಿನ ಬೆನ್ನಟ್ಟುವವರನ್ನು ನೋಡಿದ್ದೇನೆ. 105ರಿಂದ 130ರ ನಡುವೆ ಎಲ್ಲಿದ್ದರೂ ಕೈ ಹಾಕದಿರುವುದೇ ಜಾಣತನ. ನಾಲ್ಕು ಗಂಟೆಗೊಮ್ಮೆ ಕೆಳಗಿನ ಹಿಡಿಯನ್ನು ಒಂದೆರಡು ಸಲ ಆಡಿಸಿ, ಕಿಂಡಿಗೆ ಅಡ್ಡ ಬಿದ್ದ ಬೂದಿಯನ್ನು ಕೆಳಗೆ ಬೀಳಿಸಿ, ಮತ್ತೆ ಗೆರೆಗೆ ತಂದು ನಿಲ್ಲಿಸಿ. ಮಧ್ಯಾಹ್ನದ ಹೊತ್ತಿಗೆ ಕಾರಣವಿಲ್ಲದೆ ಶಾಖ ಇಳಿಯತೊಡಗಿದರೆ ಹತ್ತರಲ್ಲಿ ಒಂಬತ್ತು ಸಲ ಈ ಬೂದಿಯೇ ಕಾರಣ.

ಮಾಂಸದೊಳಗಿನ ಶಾಖ 65ರಿಂದ 75 ಡಿಗ್ರಿಯ ನಡುವೆ ಎಲ್ಲಿಯೋ ನಿಂತುಬಿಡುತ್ತದೆ, ಕೆಲವೊಮ್ಮೆ ಮೂರು ನಾಲ್ಕು ಗಂಟೆ. ಹೊಸಬರು ಇಲ್ಲಿಯೇ ಗಾಬರಿಯಾಗಿ ಇದ್ದಿಲು ಸುರಿಯುವುದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈ ಬೆವರಿ ಒಳಗಿನ ನೀರು ತಣ್ಣಗಾಗುತ್ತದಲ್ಲ, ಅದೇ ಕ್ರಿಯೆ ಇಲ್ಲಿಯೂ ನಡೆಯುತ್ತಿದೆ: ಮಾಂಸದ ಮೈಯಿಂದ ಆವಿಯಾಗುವ ನೀರು, ಬೆಂಕಿ ಕೊಟ್ಟಷ್ಟೇ ಶಾಖವನ್ನು ಹೊರಕ್ಕೆ ಒಯ್ಯುತ್ತಿರುತ್ತದೆ. ನೀರು ತೀರಿದ ಮೇಲೆ ಶಾಖ ತಾನಾಗಿ ಏರುತ್ತದೆ. ಕಾಯುವ ವ್ಯವಧಾನವಿಲ್ಲದಿದ್ದರೆ ಮಾಂಸವನ್ನು ಎರಡು ಪದರ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ. ಆವಿ ಹೊರಹೋಗಲು ದಾರಿಯಿಲ್ಲದೆ ಅಡುಗೆ ಮುಂದೆ ಸಾಗುತ್ತದೆ. ಟೆಕ್ಸಸ್ ಕ್ರಚ್, ಅಂದರೆ ಟೆಕ್ಸಸ್ಸಿನ ಊರುಗೋಲು ಎಂದು ಇದಕ್ಕೆ ಅಡ್ಡಹೆಸರಿದೆ. ಸುತ್ತುವ ಮುನ್ನ ಉಗುರಿನಿಂದ ಮೆಲ್ಲಗೆ ಗೀಚಿ ನೋಡಿ. ಮಸಾಲೆ ಒದ್ದೆ ಕೆಸರಿನಂತೆ ಎದ್ದು ಬಂದರೆ ಇನ್ನೂ ಹೊತ್ತಾಗಿಲ್ಲ, ಮರದ ತೊಗಟೆಯಂತೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸುತ್ತಬಹುದು. ಫಾಯಿಲಿನ ಬದಲು ಮಾಂಸ ಕಟ್ಟುವ ದಪ್ಪ ಕಾಗದದಲ್ಲಿ (ಬುಚರ್ ಪೇಪರ್) ಸುತ್ತಿದರೆ ತೊಗಟೆ ಹೆಚ್ಚು ಗರಿಯಾಗಿ ಉಳಿಯುತ್ತದೆ, ಹೊತ್ತೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ಸುತ್ತಿದ ಮೇಲೆ ಹೊಗೆಗೆ ಒಳದಾರಿಯಿಲ್ಲ, ಉಳಿದದ್ದು ಬರೀ ಶಾಖದ ಕೆಲಸ. ಹಾವು ಮುಗಿಯುತ್ತ ಬಂದಿದ್ದರೆ ಮಾಂಸವನ್ನು ಅಡುಗೆಮನೆಯ ಓವನ್ನಿಗೆ ಒಯ್ದು 120 ಡಿಗ್ರಿಯಲ್ಲಿ ಮುಗಿಸಿ. ಇದನ್ನು ಮೋಸವೆನ್ನುವ ಮಡಿವಂತರಿದ್ದಾರೆ, ಅವರಿಗೆ ಬಡಿಸುವಾಗ ಹೇಳದಿದ್ದರಾಯಿತು.

ಮಾಂಸ ಆಯಿತೆಂದು ತೀರ್ಮಾನಿಸುವುದು ಗಡಿಯಾರವಲ್ಲ. ಹಂದಿಯ ಇಡೀ ತುಂಡು 63 ಡಿಗ್ರಿಗೆ ಬಂದು ಮೂರು ನಿಮಿಷ ಕಳೆದರೆ ಅಮೆರಿಕದ ಕೃಷಿ ಇಲಾಖೆಯ ಪ್ರಕಾರ ತಿನ್ನಲು ಸುರಕ್ಷಿತ. ಆದರೆ ಆ ಹಂತದಲ್ಲಿ ಭುಜದ ಮಾಂಸ ಚಪ್ಪಲಿಯ ಅಟ್ಟೆಯಂತಿರುತ್ತದೆ. ಅದರೊಳಗಿನ ಕೊಲ್ಯಾಜೆನ್ ಎಂಬ ಗಟ್ಟಿ ನಾರು ಕರಗಿ ಮೆತ್ತನೆಯ ಜೆಲಾಟಿನ್ ಆಗಲು ಹೆಚ್ಚಿನ ಶಾಖವೂ ಬೇಕು, ಆ ಶಾಖದಲ್ಲಿ ಬಹಳ ಹೊತ್ತೂ ಬೇಕು. 93ರಿಂದ 96 ಡಿಗ್ರಿಯ ಹೊತ್ತಿಗೆ ಪ್ರೋಬನ್ನು ಬೇರೆ ಬೇರೆ ಕಡೆ ಚುಚ್ಚಿ ನೋಡಿ, ಬೆಣ್ಣೆಗೆ ಚುಚ್ಚಿದಂತೆ ತಡೆಯಿಲ್ಲದೆ ಇಳಿಯಬೇಕು. ಭುಜದ ಚಪ್ಪಟೆ ಮೂಳೆಯನ್ನು ಹಿಡಿದು ಅಲುಗಿಸಿದರೆ ಅದು ಕಳಚಿಕೊಂಡು ಬರುವಂತಿರಬೇಕು. ನಂತರ ಸುತ್ತಿದಂತೆಯೇ ಹಳೆಯ ಟವೆಲ್ಲಿನಲ್ಲಿಟ್ಟು, ಐಸ್ ಇಲ್ಲದ ಐಸ್‌ಪೆಟ್ಟಿಗೆಯಲ್ಲಿ ಒಂದು ಗಂಟೆ ಬಿಡಿ. 60 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಮೂರು ಗಂಟೆಯೂ ಇರುತ್ತದೆ, ಆದ್ದರಿಂದ ಅತಿಥಿಗಳು ಬರುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯುವಂತೆ ಲೆಕ್ಕ ಹಾಕಿ. ಬಿಡಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ಪಟ್ಟಿಯನ್ನು ಹಸಿಯೆಂದು ತಿಳಿಯಬಾರದು. ಬೆಂಕಿಯ ಅನಿಲಗಳು ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಉಳಿಸಿದ ಬಣ್ಣವದು, ಅದರಿಂದ ರುಚಿಗೆ ಏನೂ ಸೇರುವುದಿಲ್ಲ.

ಸ್ಮೋಕರಿನಲ್ಲಿ ಇದೇ ಅಡುಗೆ

ಗುಂಡಿನಾಕಾರದ ಸ್ಮೋಕರಿನಲ್ಲಿ ಜೋಡಣೆಯ ಶ್ರಮವಿಲ್ಲ. ತಳದ ಉಂಗುರದ ತುಂಬ ಹೊತ್ತಿಸದ ಬ್ರಿಕೆಟ್ ಸುರಿದು, ನಡುನಡುವೆ ಮರದ ತುಂಡು ಹುದುಗಿಸಿ, ಮೇಲೆ ಹದಿನೈದಿಪ್ಪತ್ತು ಕೆಂಡ ಹರಡಿ, ನೀರಿನ ಬೋಗುಣಿ ತುಂಬಿಸಿದರೆ ಆಯಿತು. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಇದನ್ನು ಬಳಕೆಗೆ ತಂದ ಬಾರ್ಬೆಕ್ಯೂ ಸ್ಪರ್ಧಿ ಜಿಮ್ ಮಿನಿಯನ್ ಅವರ ಹೆಸರಿನಿಂದಲೇ ಈ ವಿಧಾನ ಪ್ರಸಿದ್ಧವಾಗಿದೆ. ಕಿಂಡಿಗಳ ನಿಯಮ ಕೆಟಲಿನದ್ದೇ. ರಾತ್ರಿ ಹತ್ತಕ್ಕೆ 110 ಡಿಗ್ರಿಗೆ ನಿಲ್ಲಿಸಿ, ಥರ್ಮಾಮೀಟರಿನ ಅಲಾರಂ ಇಟ್ಟು ಮಲಗಿದರೆ ಬೆಳಿಗ್ಗೆ ಆರಕ್ಕೂ ಅದು ಅಲ್ಲಿಯೇ ಇರುತ್ತದೆ. ಕೆಟಲನ್ನು ನಂಬಿ ಹಾಗೆ ಮಲಗಲು ನನಗೆ ಈಗಲೂ ಧೈರ್ಯವಿಲ್ಲ. ಹಾವಿನ ಒಂದು ಬ್ರಿಕೆಟ್ ಜಾರಿದರೂ ಬೆಂಕಿ ನಿಂತು, ಮಾಂಸ ಅಪಾಯದ ಶಾಖಕ್ಕೆ ಇಳಿದಿರುತ್ತದೆ.

ಸ್ಮೋಕರಿನ ಎರಡನೆಯ ಲಾಭ ಜಾಗ. 18 ಅಂಗುಲದ ಗುಂಡಿನ ಸ್ಮೋಕರಿನ ಎರಡು ಜಾಲರಿಗಳಲ್ಲಿ ನಾಲ್ಕು ಭುಜದ ತುಂಡು ಹಿಡಿಯುತ್ತದೆ. ದೊಡ್ಡ ಕೆಟಲಿನಲ್ಲಿ ಎರಡು ಹಿಡಿದರೂ ಅವುಗಳಲ್ಲಿ ಒಂದು ಸದಾ ಬೆಂಕಿಯ ಸಮೀಪವಿರುವುದರಿಂದ ಹಾವು ಸರಿದಂತೆಲ್ಲ ಮುಚ್ಚಳ ತೆಗೆದು ಜಾಗ ಬದಲಿಸಬೇಕು. ಯುಗಾದಿಗೋ ರಾಜ್ಯೋತ್ಸವಕ್ಕೋ ಮೂವತ್ತು ಜನರನ್ನು ಮನೆಗೆ ಕರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಮೂರನೆಯದು ಚಳಿ. ತೆಳು ತಗಡಿನ ಅಗಲವಾದ ಗುಮ್ಮಟವಾದ್ದರಿಂದ ಕೆಟಲ್ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಜನವರಿಯ ಗಾಳಿಯಲ್ಲಿ ನನ್ನ ಹಾವು ಹನ್ನೊಂದರ ಬದಲು ಏಳು ಗಂಟೆಗೇ ಮುಗಿದದ್ದುಂಟು. ಗಾಳಿಗೆ ಅಡ್ಡವಾಗಿ ಏನಾದರೂ ನಿಲ್ಲಿಸಿದರೆ ಅರ್ಧ ಕಷ್ಟ ಕಳೆಯುತ್ತದೆ, ಏಕೆಂದರೆ ಚಳಿಗಿಂತ ಗಾಳಿಯ ಹಾವಳಿಯೇ ಹೆಚ್ಚು.

ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇರುವ ಆಫ್‌ಸೆಟ್ ಸ್ಮೋಕರ್ ಬೇರೆಯೇ ಜಾತಿ. ಟೆಕ್ಸಸ್ಸಿನ ಲಾಕ್‌ಹಾರ್ಟ್‌ನಂತಹ ಊರುಗಳಲ್ಲಿ ಜರ್ಮನ್ ವಲಸಿಗರ ಮಾಂಸದಂಗಡಿಗಳಿಂದ ಬೆಳೆದ ಪರಂಪರೆಯಲ್ಲಿ ಇದ್ದಿಲಿಗೆ ಹೆಚ್ಚಿನ ಮಾನವಿಲ್ಲ; ಪೋಸ್ಟ್ ಓಕ್ ಮರದ ಸೀಳನ್ನೇ ಉರಿಸುತ್ತಾರೆ. ಅಲ್ಲಿಯ ಕ್ರೈಟ್ಸ್ ಮಾರ್ಕೆಟ್ 1900ರಿಂದಲೂ ನಡೆಯುತ್ತಿದೆ. ಕಟ್ಟಿಗೆಯ ಉರಿಯಿಂದ ಬರುವ ರುಚಿ ಇದ್ದಿಲಿನ ಮೇಲೆ ನಾಲ್ಕು ತುಂಡು ಇಟ್ಟರೆ ಬರುವುದಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಮುಕ್ಕಾಲು ಗಂಟೆಗೊಮ್ಮೆ ಸೀಳು ಹಾಕುತ್ತ ಹನ್ನೆರಡು ಗಂಟೆ ಒಲೆಯ ಮುಂದೆ ಕೂರುವ ಮನಸ್ಸು ಬೇಕು. ಅಗ್ಗದ ತೆಳು ತಗಡಿನ ಆಫ್‌ಸೆಟ್‌ಗಳು ಸಂದುಗಳಲ್ಲೆಲ್ಲ ಹೊಗೆ ಸೋರುವುದರಿಂದ ಅವನ್ನು ಕೊಳ್ಳುವುದಕ್ಕಿಂತ ಕೆಟಲೇ ಮೇಲು. ಮರದ ಗುಳಿಗೆಗಳನ್ನು ವಿದ್ಯುತ್ತಿನಿಂದ ಉಣಿಸುವ ಪೆಲೆಟ್ ಗ್ರಿಲ್ ರೈಸ್ ಕುಕ್ಕರಿನಷ್ಟು ಸುಲಭ, ಹೊಗೆಯ ರುಚಿ ಮಾತ್ರ ಮೆಲು.

ಕೋಳಿಯ ವಿಷಯಕ್ಕೆ ಬಂದರೆ ಕೆಟಲ್ ಗೆಲ್ಲುತ್ತದೆ. 110 ಡಿಗ್ರಿಯ ಹೊಗೆಯಲ್ಲಿ ಕೋಳಿಯ ಚರ್ಮ ರಬ್ಬರಿನಂತೆ ಉಳಿಯುತ್ತದೆ, ಅದು ಗರಿಯಾಗಲು 160ರ ಆಸುಪಾಸಿನ ಶಾಖ ಬೇಕು. ನೀರು ತುಂಬಿದ ಬೋಗುಣಿಯಿರುವ ಸ್ಮೋಕರ್ ಅಲ್ಲಿಗೆ ಏರಲು ಒದ್ದಾಡುತ್ತದೆ. ಕೆಟಲಿನಲ್ಲಿ ಹಾವಿನ ಬದಲು ಒಂದು ಬದಿಗೆ ಅರ್ಧ ಚಿಮಣಿ ಕೆಂಡ ಒಟ್ಟಿ, ಮೇಲೆ ಒಂದೇ ಸೇಬಿನ ತುಂಡು ಇಟ್ಟು, ಎದುರು ಬದಿಯಲ್ಲಿ ಕೋಳಿಯನ್ನಿಟ್ಟರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಒಳಗೆ 74 ಡಿಗ್ರಿ ಮುಟ್ಟಿ ಆಗಿರುತ್ತದೆ. ಕುರಿಯ ತೊಡೆಯನ್ನು ಎರಡು ಗಂಟೆ ಹೊಗೆಯಲ್ಲಿಟ್ಟು ಕೊನೆಗೆ ಕೆಂಡದ ನೇರ ಮೇಲೆ ಉರುಳಿಸಿ ಕಮರಿಸುವುದೂ ಇದರಲ್ಲಿ ಮಾತ್ರ ಸಲೀಸು.

ಕೊಡಗಿನ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವುದನ್ನು ಕಂಡವರು ಕೆಲವೊಮ್ಮೆ, ಶಾಖ ಇನ್ನೂ ಇಳಿಸಿ ಇಡೀ ದಿನ ಬಿಟ್ಟರೆ ಅದೇ ರುಚಿ ಬಂದೀತೇ ಎಂದು ಕೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ತೆಳು ಪಟ್ಟಿಗಳಿಗೆ ಉಪ್ಪು ಹಚ್ಚಿ ನೀರಿನಂಶವನ್ನೇ ತೆಗೆದು ಕೆಡದಂತೆ ಮಾಡುತ್ತಾರೆ, ತಿನ್ನುವ ಮೊದಲು ಮತ್ತೆ ಬೇಯಿಸುತ್ತಾರೆ. ಇಲ್ಲಿ ನಾಲ್ಕು ಕಿಲೋ ಹಸಿ ತುಂಡು ತೇವದೊಡನೆ ಬೇಯುತ್ತಿದೆ. 4ರಿಂದ 60 ಡಿಗ್ರಿಯ ನಡುವೆ ಮಾಂಸ ಹೆಚ್ಚು ಹೊತ್ತು ಕುಳಿತರೆ ರೋಗಾಣುಗಳು ಹಬ್ಬ ಮಾಡುತ್ತವೆ. ಒಲೆಯ ಶಾಖ 105ಕ್ಕಿಂತ ಕೆಳಗೆ ಉಳಿಯುತ್ತಿದ್ದರೆ ಕಾಯದೆ ಓವನ್ನಿಗೆ ಒಯ್ಯಿರಿ.

ಹಾಗಾದರೆ ಕೊಳ್ಳುವುದು ಯಾವಾಗ? ವರ್ಷಕ್ಕೆ ಐದಾರು ಸಲ ಒಂದೆರಡು ತುಂಡು ಮಾಡುವವರಿಗೆ, ಹೊಸದಾಗಿ ಒಂದೇ ಒಲೆ ಕೊಳ್ಳುವವರಿಗೆ ದೊಡ್ಡ ಕೆಟಲ್ ಸಾಕು. ಮಿಕ್ಕ ದಿನ ಅದು ಸಾಧಾರಣ ಗ್ರಿಲ್ ಆಗಿ ದುಡಿಯುತ್ತದೆ, ಸ್ಮೋಕರ್ ಹೊದಿಕೆಯಡಿ ನಿದ್ರಿಸುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾವು ಕಟ್ಟುವುದು ತಿಂಗಳಿಗೆ ಎರಡು ಸಲವಾಯಿತು, ಮನೆಯವರು ಗೊಣಗತೊಡಗಿದರು ಎಂದಾಗ ಗುಂಡಿನ ಸ್ಮೋಕರನ್ನು ಕೊಳ್ಳಿ. ನಾನು ಕೊಂಡದ್ದೂ ಆಗಲೇ.

ಅಡುಗೆ ಮುಗಿದೊಡನೆ ಮೇಲಿನ ಕೆಳಗಿನ ಕಿಂಡಿಗಳೆಲ್ಲವನ್ನೂ ಪೂರ್ತಿ ಮುಚ್ಚಿ. ಗಾಳಿ ಸಿಗದೆ ಬೆಂಕಿ ಆರಿ, ಹಾವಿನ ಉಳಿದ ಬಾಲ ಮುಂದಿನ ಸಲಕ್ಕೆ ಬರುತ್ತದೆ. ಅದನ್ನು ಹೊಸ ಸಾಲಿನ ಕೊನೆಗೆ ಜೋಡಿಸಿ, ತಲೆಗೆ ಬೇಡ. ತಟ್ಟೆಯ ನೀರನ್ನು ಕೊಬ್ಬು ಹೆಪ್ಪುಗಟ್ಟಿದ ಮೇಲೆ ಬೇರ್ಪಡಿಸಿ ಎಸೆಯಿರಿ, ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಬೂದಿಯನ್ನು ಮಾತ್ರ ಮಾರನೆಯ ದಿನವೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ತಣ್ಣಗೆ ಕಂಡರೂ ಒಳಗೆ ಕಿಡಿ ಉಳಿದಿರಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು ನಂತರ ಚೆಲ್ಲಿ.